ಅಪ್ಪ ಒರೆಸಿಟ್ಟ ಯಂತ್ರ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗಲೆಲ್ಲ ಆ ವಾಸನೆಗೆ ನನ್ನ ಕೈ ಒಂದು ಕ್ಷಣ ನಿಂತುಬಿಡುತ್ತದೆ.

ಅಪ್ಪ ಸವಣೂರಿನ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಮಾಲೀಕ ದಿವಾಳಿಯೆದ್ದು, ಬ್ಯಾಂಕಿನವರು ಬೀಗ ಜಡಿದ ಮೇಲೂ ಕಾವಲುಗಾರನನ್ನು ಕಾಡಿಬೇಡಿ ವಾರಕ್ಕೊಮ್ಮೆ ಒಳಗೆ ಹೋಗುತ್ತಿದ್ದ. ಅವ್ವನ ಹಳೆಯ ಸೀರೆ ಹರಿದುಕೊಂಡು ಯಂತ್ರಗಳನ್ನು ಒರೆಸಿ, ತಾನೇ ಕೊಂಡ ಎಣ್ಣೆ ಹಚ್ಚಿ ಬರುತ್ತಿದ್ದ.

"ಪಗಾರಿಲ್ಲದ ಚಾಕರಿ ಯಾಕ ಮಾಡ್ತೀರಿ?" ಎಂದು ಅವ್ವ ಸಿಡುಕುತ್ತಿದ್ದಳು.

"ಹರಾಜಿನ್ಯಾಗ ಚಲೋ ರೇಟ್ ಬಂದ್ರ ನಮ್ಮ ಪರಿಹಾರ ಕೈಗೆ ಬರತೈತಿ," ಎನ್ನುತ್ತಿದ್ದ ಅಪ್ಪ.

ಹರಾಜಿನ ಮಧ್ಯಾಹ್ನ ನನ್ನನ್ನೂ ಕರೆದೊಯ್ದ. ಯಂತ್ರಗಳನ್ನು ಕೊಂಡ ಸಾಹುಕಾರ ಒಂದರ ಮೇಲೆ ಬೆರಳಾಡಿಸಿ, "ಹೊಸಾದರಂಗ ಐತಲ್ರಿ! ಯಾರು ನೋಡ್ಕೊಂಡಾರ?" ಎಂದು ಕೇಳಿದ. ಅಪ್ಪ ಶಾಲೆಯ ಹುಡುಗನಂತೆ ಕೈ ಎತ್ತಿದ.

ಹರಾಜು ನಡೆಸಿದ ಅಧಿಕಾರಿ ಕಾಗದದಿಂದ ತಲೆ ಎತ್ತಲಿಲ್ಲ. "ಈ ರೊಕ್ಕೆಲ್ಲಾ ಬ್ಯಾಂಕಿನ ಸಾಲಕ್ಕ ಹೋಗತೈತ್ರಿ. ಕೆಲಸಗಾರರಿಗೆ ಏನೂ ಉಳಿಯಂಗಿಲ್ಲ."

ಎತ್ತಿದ ಕೈಯನ್ನು ಅಪ್ಪ ಅಂಗಿಗೆ ಒರೆಸಿಕೊಂಡ.

ಯಂತ್ರ ಹೇರಿಕೊಂಡ ಲಾರಿ ಗೇಟು ದಾಟುವಾಗ ಮೋಡ ಕವಿದಿತ್ತು. ಅಪ್ಪ ಅದರ ಹಿಂದೆ ಓಡಿದ. ನನ್ನ ಕೈ ಬಿಟ್ಟು ಓಡಿದ. ಡ್ರೈವರನಿಗೆ ಕೇಳಿಸಲೆಂದು ಗಂಟಲು ಹರಿಯುವಂತೆ ಕೂಗಿದ:

"ತಾಡಪತ್ರಿ ಹೊಚ್ಚ್ರೀ! ಮಳಿ ಬಂದ್ರ ತುಕ್ಕ ಹಿಡಿತೈತಿ!"