ಖಾಲಿ ಇರಬೇಕಾದ ಕಟ್ಟೆ

"ತೂಬು ಮುಚ್ಚು ಅಂದ್ರೆ ಮುಚ್ಚಬೇಕು. ಭಾನುವಾರ ಶಾಸಕರು ಬಾಗಿನ ಬಿಡಕ್ಕೆ ಬರ್ತಾವ್ರೆ," ಎಂದರು ಪಂಚಾಯಿತಿ ಅಧ್ಯಕ್ಷರು.

ನೀರುಗಂಟಿ ಮಾರಯ್ಯ ಕದಲಲಿಲ್ಲ. "ಇದು ತುಂಬಿಸೋ ಕಟ್ಟೆ ಅಲ್ಲ ಸ್ವಾಮಿ. ಹಳ್ಳದ ನೆರೆ ತಡೆಯಕ್ಕೆ ಹಾಕಿರೋ ಮಣ್ಣಿನ ಏರಿ. ಹೊಟ್ಟೆ ಖಾಲಿ ಇದ್ರೇನೇ ಮಳೆ ಬಂದಾಗ ನೀರು ಹಿಡಿಯೋದು."

"ಸುತ್ತ ನಾಲ್ಕೂರ ಕೆರೆಗೂ ಬಾಗಿನ ಆಯ್ತು. ನಮ್ದು ಮಾತ್ರ ಬರಿದಾಗಿ ಬಿದ್ದದೆ. ಮರ್ಯಾದೆ ಬೇಡ್ವಾ?"

"ಏಳು ವರ್ಷದಿಂದ ಕೆಳಗಿನ ಬೀದಿಗೆ ಒಂದು ಚೊಂಬು ನೀರು ನುಗ್ಗಿಲ್ಲ. ಅದು ಮರ್ಯಾದೆ ಅಲ್ವಾ?"

"ನಿಂದು ಅತಿಯಾಯ್ತು. ತಾ ಇಲ್ಲಿ ಕೀಲಿಕೈ."

ಅಧ್ಯಕ್ಷರು ತಾವೇ ನಿಂತು ತೂಬು ಮುಚ್ಚಿಸಿ, ಬೀಗ ಜಡಿದು, ಕೀಲಿಕೈಯನ್ನು ಜೇಬಿಗಿಳಿಸಿದರು.

ಭಾನುವಾರದ ಹೊತ್ತಿಗೆ ಕಟ್ಟೆ ತುಂಬಿತು. ಶಾಸಕರು ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ ಇಟ್ಟ ಜೋಡಿ ಮೊರವನ್ನು ನೀರಿಗೆ ಬಿಟ್ಟರು. ಫೋಟೊ ಸರಿಯಾಗಿ ಬರಲಿಲ್ಲವೆಂದು ಎತ್ತಿ ಮತ್ತೊಮ್ಮೆ ಬಿಟ್ಟರು. ಮಾರಯ್ಯನನ್ನು ಏರಿಯ ಹತ್ತಿರಕ್ಕೂ ಸೇರಿಸಲಿಲ್ಲ.

ಸೋಮವಾರ ಮೇಲಿನ ಗುಡ್ಡಗಳಲ್ಲಿ ಸುರಿದ ಮಳೆಗೆ ಹಳ್ಳ ಉಕ್ಕಿ ಬಂತು. ತುಂಬಿದ ಕಟ್ಟೆ ಅದರಲ್ಲಿ ಒಂದು ಹನಿಯನ್ನೂ ಹಿಡಿಯಲಿಲ್ಲ. ಬಂದದ್ದೆಲ್ಲ ಕೋಡಿ ಹರಿದು ಕೆಳಗಿನ ಬೀದಿಗೆ ನುಗ್ಗಿತು.

ಅಧ್ಯಕ್ಷರು ಅದೇ ಬೀದಿಯ ತಮ್ಮ ಮನೆಯ ನಡುಮನೆಯಲ್ಲಿ ನಿಂತು ಫೋನ್ ಮಾಡಿದರು. "ಎಲ್ಲೋಗಿ ಸತ್ತಿದ್ದೀಯ ಮಾರಯ್ಯ? ಹೋಗಿ ತೂಬು ಎತ್ತು."

"ಕೀಲಿಕೈ ನಿಮ್ಮ ಜೇಬಲ್ಲೇ ಅದಲ್ಲ ಸ್ವಾಮಿ."

ಅವರು ಜೇಬು ತಡಕುವಷ್ಟರಲ್ಲಿ, ತೆರೆದ ತಲೆಬಾಗಿಲಿನಿಂದ ಬಾಗಿನದ ಮೊರ ತೇಲಿ ಬಂದು ಅವರ ಮೊಣಕಾಲಿಗೆ ತಗುಲಿತು.