ಕ್ರೇನ್ ಇಳಿಯದ ಅಕ್ಕ

ತೊಂಬತ್ತನೇ ಮೆಟ್ಟಿಲಿಗೆ ಬಂದರಿನ ಅಧಿಕಾರಿಗೆ ಏದುಸಿರು ಹತ್ತಿತು. ಮೇಲೆ ಇನ್ನೂ ಇಪ್ಪತ್ತೆರಡು ಉಳಿದಿದ್ದವು. ಕೆಳಗೆ ನಿಂತ ಪೊಲೀಸ್ ಜೀಪು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಸಂಜೆ ಐದು ಗಂಟೆಯೊಳಗೆ ಆ ಹೆಂಗಸು ತಾನಾಗಿ ಇಳಿಯದಿದ್ದರೆ ನಾವೇ ಇಳಿಸುತ್ತೇವೆ ಎಂದು ಇನ್ಸ್‌ಪೆಕ್ಟರು ಹೇಳಿಬಿಟ್ಟಿದ್ದರು.

ಆ ಹೆಂಗಸು ಅಧಿಕಾರಿಯ ಒಡಹುಟ್ಟಿದ ಅಕ್ಕ. ಮೂವತ್ತೊಂದು ವರ್ಷ ಇದೇ ಕ್ರೇನ್ ನಡೆಸಿದವಳು. ಮೂರು ದಿನದ ಹಿಂದೆ ಎಂದಿನಂತೆ ಹಾಜರಿ ಹಾಕಿ ಮೇಲೆ ಹತ್ತಿದವಳು ಇಳಿದಿರಲಿಲ್ಲ. ‘ಬಂದರಿನ ತೀರ್ಮಾನ ಬರಹದಲ್ಲಿ ಬರಲಿ, ಆಮೇಲೆ ನೋಡೋಣ’ ಎಂದು ಚೀಟಿಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದಳು, ಅಷ್ಟೇ. ಕ್ಯಾಬಿನ್ನಿನಲ್ಲಿ ಕೂತವರನ್ನು ಕೆಳಗಿನಿಂದ ಪ್ರಶ್ನೆ ಕೇಳಬಾರದೆನ್ನುವುದು ಬಂದರಿನ ಹಳೆಯ ಕಟ್ಟಳೆ. ತಲೆಯ ಮೇಲೆ ಭಾರ ತೂಗುತ್ತಿರುವಾಗ ಕೈಸನ್ನೆಯೊಂದೇ ಭಾಷೆ. ಪತ್ರಿಕೆಯವರೂ ಕೇಳಲಿಲ್ಲ. ‘ಬಂದರಿಗಾಗಿ ಕ್ರೇನ್ ಏರಿದ ಧೀರೆ’ ಎಂದು ತಾವೇ ಬರೆದುಕೊಂಡರು.

ಬಂದರಿಗೆ ಕೊನೆಯ ಹಡಗು ಬಂದು ಎರಡು ವರ್ಷ ಎಂಟು ತಿಂಗಳಾಗಿತ್ತು. ಬಂದರನ್ನು ಮುಚ್ಚಿ ಜಾಗವನ್ನು ಊರಿಗೆ ಬಿಟ್ಟುಕೊಡುವ ಕಡತ ರಾಜಧಾನಿಯಲ್ಲಿ ಸಹಿಗೆ ಕಾದು ಕೂತಿತ್ತು. ಅದನ್ನು ತಡೆಯಲೆಂದು ತಮ್ಮನಾದ ಅಧಿಕಾರಿ ಹದಿನೈದು ದಿನ ಕಚೇರಿಯಿಂದ ಕಚೇರಿಗೆ ಅಲೆದಿದ್ದ. ಅಪ್ಪ ಮೂಟೆ ಹೊತ್ತ ಬಂದರು, ಅಕ್ಕನ ದುಡಿಮೆಯಲ್ಲಿ ತನ್ನನ್ನು ಓದಿಸಿದ ಬಂದರು. ಅದು ತನ್ನ ಕೈಯಲ್ಲೇ ಸಾಯುವುದೆಂದರೆ ಏನು?

ಇಂದು ಅವನ ಜೇಬಿನಲ್ಲಿ ಆದೇಶವಿತ್ತು. ಕೆಳಗೆ ಬಂದರಿನ ಮೇಸ್ತ್ರಿಗೆ ಮೊದಲು ತೋರಿಸಿದ್ದ. ಮೇಸ್ತ್ರಿ ಎರಡು ಸಲ ಓದಿದ. ಟೋಪಿ ತೆಗೆದು ತಲೆ ಕೆರೆದುಕೊಂಡ.

“ನೀವೇ ಹೋಗಿ ಕೊಡಿ ಸಾರ್. ನನ್ನ ಕೈಲಿ ಆಗಲ್ಲ.”

ಸಿಹಿ ಸುದ್ದಿ ನಾನೇ ಹೇಳಲೆಂದು ಬಿಟ್ಟುಕೊಟ್ಟಿರಬೇಕು ಎಂದುಕೊಂಡು ತಮ್ಮ ಏಣಿ ಹಿಡಿದಿದ್ದ.

ನೂರನೇ ಮೆಟ್ಟಿಲಿನಿಂದ ಮೇಲಕ್ಕೆ ಪ್ರತಿ ಕಬ್ಬಿಣದ ಪಟ್ಟಿಗೂ ಯಾರೋ ಹಳೇ ಬಟ್ಟೆ ಸುತ್ತಿದ್ದರು. ಅಕ್ಕನ ಮಂಡಿನೋವಿನ ಸಂಗತಿ ಬಂದರಿಗೆಲ್ಲ ಗೊತ್ತಿತ್ತು.

ಕ್ಯಾಬಿನ್ನಿನಲ್ಲಿ ಅಕ್ಕ ಕನ್ನಡಕ ಒರೆಸುತ್ತ ಕೂತಿದ್ದಳು. ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು, ಮೂರು ಮನೆಗಳಿಂದ ಬಂದ ಮೂರು ಹೊದಿಕೆ.

“ಮೊದ್ಲು ಕೂತ್ಕೊ. ರಾಜಧಾನಿ ಊಟ ನಿನ್ನ ಹೊಟ್ಟೆ ಮೇಲೆ ಕಾಣ್ತಿದೆ.”

“ಅಕ್ಕಾ, ಕೆಳಗೆ ಪೊಲೀಸರು ಇದಾರೆ.”

“ನೋಡಿದೀನಿ. ಪಾಪ, ಬೆಳಗ್ಗೆಯಿಂದ ಬಿಸಿಲಲ್ಲೇ ನಿಂತಿದಾರೆ. ನೆರಳಿಗೆ ಹೋಗೋಕೆ ಹೇಳಬಾರದಾ?”

“ಹೊತ್ತುಕೊಂಡಾದ್ರೂ ಇಳಿಸ್ತಾರಂತೆ.”

“ಹೊರಲಿ. ನಲವತ್ತು ಟನ್ ಎತ್ತಿದವಳು ನಾನು. ನನ್ನ ಭಾರ ಎಷ್ಟು ಅಂತ ಅವರಿಗೂ ತಿಳೀಲಿ.” ಅಕ್ಕ ನೀರು ಬಗ್ಗಿಸಿ ಕೊಟ್ಟಳು. “ಕುಡಿ. ಆಮೇಲೆ ಹೇಳು, ಅಲ್ಲಿ ಏನಾಯ್ತು?”

ತಮ್ಮ ಆದೇಶವನ್ನು ತಕ್ಷಣ ತೆಗೆಯಲಿಲ್ಲ. ಒಳ್ಳೆಯ ಸುದ್ದಿಯನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟು ಚಪ್ಪರಿಸಬೇಕೆನ್ನಿಸಿತು. ಗಾಜಿನಾಚೆ ಕಣ್ಣು ಹಾಯಿಸಿದ.

ಎರಡನೇ ಜೆಟ್ಟಿಯ ಬಳಿ ಮಕ್ಕಳ ತಲೆಗಳು ನೀರಿನಲ್ಲಿ ತೇಲುತ್ತಿದ್ದವು. ನಿವೃತ್ತ ಮುಳುಗುಗಾರನೊಬ್ಬ ಅವರ ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸುತ್ತಿದ್ದ. ಮೂರನೇ ಶೆಡ್ಡಿನ ಬಾಗಿಲಲ್ಲಿ, ಕೆಲಸ ಹೋದ ಮನೆಗಳ ಹೆಂಗಸರು ಬಡಗಿಯ ಜೊತೆ ಸೇರಿ ದೋಣಿಯೊಂದಕ್ಕೆ ಹಲಗೆ ಜೋಡಿಸುತ್ತಿದ್ದರು. ಅದು ಅವರ ಐದನೇ ದೋಣಿ. ತೂಕದ ಕೋಣೆಯಲ್ಲಿ ಯಾರೋ ಪುಸ್ತಕದ ಕಪಾಟು ಇಟ್ಟಿದ್ದರು. ಎಲ್ಲವೂ ಕಾನೂನಿಗೆ ವಿರುದ್ಧ. ಸರಕು ಬಂದರಿನೊಳಗೆ ಹೊರಗಿನವರು ಕಾಲಿಡುವಂತಿಲ್ಲ. ಹೇಗೂ ಮುಚ್ಚುವ ಜಾಗ, ಇರಲಿ ಪಾಪ ಎಂದು ತಮ್ಮ ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದ.

“ನೀನು ಮೇಲೆ ಹತ್ತಿದ್ದೇ ಒಳ್ಳೇದಾಯ್ತು ಅಕ್ಕಾ,” ಎಂದ. “ನಾನು ಹನ್ನೆರಡು ದಿನ ಗಂಟಲು ಹರ್ಕೊಂಡ್ರೂ ಕದಲದ ಕಾರ್ಯದರ್ಶಿ, ಪತ್ರಿಕೇಲಿ ನಿನ್ನ ಫೋಟೋ ನೋಡಿ ಕರಗಿಹೋದ್ರು. ಒಬ್ಬ ಹೆಣ್ಣುಮಗಳು ಇಷ್ಟು ಹಟ ಹಿಡಿದ್ಮೇಲೆ ಆಗಲ್ಲ ಅನ್ನೋದು ಹೇಗೆ ಅಂದ್ರು.”

ಅಕ್ಕ ಕನ್ನಡಕ ಹಾಕಿಕೊಂಡಳು. “ನನ್ನಿಂದ ಆಯ್ತಾ?”

“ನಿನ್ನಿಂದಲೇ.” ಈಗ ಕಾಗದವನ್ನು ಅವಳ ಕೈಗಿಟ್ಟ. “ಇನ್ನು ಹತ್ತು ವರ್ಷ ಬಂದರು ಮುಚ್ಚೋ ಮಾತೇ ಇಲ್ಲ. ಮುಖ್ಯ ಗೇಟಿಗೆ ಹೊಸ ಬೀಗ, ಸುತ್ತ ಹೊಸ ತಂತಿಬೇಲಿ, ನಾಳೆಯಿಂದಲೇ ಕಾವಲು.”

ಅಕ್ಕ ಓದಿದಳು. ಬೆರಳು ಒಂದೊಂದು ಸಾಲಿನ ಕೆಳಗೂ ನಿಧಾನವಾಗಿ ಹರಿಯಿತು.

“ಹಡಗು ಬರತ್ತಾ?”

“ಬಂದರೆ ಬರಲಿ. ಬರದಿದ್ರೂ ಬಂದರು ಬಂದರೇ ಅಲ್ವಾ.”

“ಆ ಮಕ್ಕಳು? ಮೂರನೇ ಶೆಡ್ಡು?”

“ಅದರ ಚಿಂತೆ ನಿನಗೆ ಬೇಡ. ವಾರದೊಳಗೆ ಎಲ್ಲಾ ಖಾಲಿ ಮಾಡಿಸ್ತೀನಿ. ನಿನ್ನ ಜಾಗ ನಿನಗೆ ಮೊದಲಿನ ಹಾಗೇ ಸಿಗುತ್ತೆ.”

ಅಕ್ಕ ಎರಡನೇ ಜೆಟ್ಟಿಯ ಕಡೆಗೊಮ್ಮೆ ನೋಡಿದಳು. ಆಮೇಲೆ ತಮ್ಮನ ಹೆಗಲಿನ ಮೇಲಿದ್ದ ತುಕ್ಕಿನ ಪುಡಿಯನ್ನು ಮೆಲ್ಲಗೆ ಕೊಡವಿ, ಆದೇಶವನ್ನು ಮಡಿಸಿ ಅವನ ಜೇಬಿಗೇ ತುರುಕಿದಳು.

ಅವನು ಎದ್ದು ಬಾಗಿಲು ತೆರೆದ. “ಇಳಿಯೋಣ್ವಾ? ಐದಕ್ಕೆ ಹತ್ತೇ ನಿಮಿಷ ಇದೆ. ನಾನು ಮುಂದೆ ಇಳೀತೀನಿ, ನೀನು ನನ್ನ ಹೆಗಲು ಹಿಡ್ಕೊ.”

“ನೀನು ಹುಷಾರಾಗಿ ಇಳಿ, ಮಗೂ,” ಎಂದಳು ಅಕ್ಕ, ಹೊದಿಕೆಯನ್ನು ಮೊಣಕಾಲಿನ ಮೇಲೆ ಎಳೆದುಕೊಳ್ಳುತ್ತ. “ಬಂದರು ಮುಚ್ಚೋದನ್ನ ನೀನು ತಡೀತಿದೀಯ ಅಂತ ಗೊತ್ತಾದ ದಿನಾನೇ ನಾನು ಹತ್ತಿದ್ದು ಕಣೋ. ಮುಚ್ಚೋ ಆದೇಶ ತಗೊಂಡು ಬಾ, ಆಗ ಇಳೀತೀನಿ.”