ತೇಪೆ ಹಾಕಿದ ತಾಡಪತ್ರಿ

"ತೂತು ಎಲ್ಲದ ಅವ್ವಾ?" ಆರತಿ ತಾಡಪತ್ರಿಯನ್ನು ಎರಡನೇ ಸಲ ತಿರುವಿ ಹಾಕಿ ಕೇಳಿದಳು.

ಶಾಲುಬಾಯಿ ನೀಲಿ ಪ್ಲಾಸ್ಟಿಕ್ಕಿನ ನಡುವೆ ಕೈ ಇಟ್ಟು ತೋರಿಸಿದಳು. ಅಲ್ಲಿ ಗೊಬ್ಬರ ಚೀಲದ ಬಿಳಿ ತುಂಡೊಂದು ಕರಗಿ ಅಂಟಿಕೊಂಡಿತ್ತು. "ಇಲ್ಲೇ ಇತ್ರಿ ಮೇಡಂ. ಮುಚ್ಚೀನಿ. ಕುಡಗೋಲು ಕಾಸಿ ಒತ್ತೀನಿ."

ಜೊತೆಗೆ ಬಂದಿದ್ದ ಪೊಲೀಸ್ ಅಯ್ಯುಬ ಹಣೆ ಬಡಿದುಕೊಂಡ. "ಯಾ ಅಲ್ಲಾ! ಅವತ್ತೇ ಒಯ್ದಿದ್ರ ಛಲೋ ಇತ್ತು."

ಔರಾದ ಕಡೆಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ಬೀಡುಬಿಟ್ಟಿದ್ದಾಗ, ಇದೇ ತಾಡಪತ್ರಿಯ ಗುಡಾರದಲ್ಲಿ ಶಾಲುಬಾಯಿಯ ದೊಡ್ಡ ಮಗ ಪಂಢರಿ ಗುಂಡೇಟಿಗೆ ಸತ್ತಿದ್ದ. ಸಣ್ಣ ಮಗ ದತ್ತಾತ್ರಿ ಬೀದರದ ಜೈಲಿನಲ್ಲಿದ್ದ. ಅವನೇ ಒಳಗಿನಿಂದ ಹೊಡೆದನೆಂದು ಪೊಲೀಸರು. ಹಂದಿ ಬೇಟೆಯವರು ಹೊರಗಿನಿಂದ ಹಾರಿಸಿದ್ದೆಂದು ಅವನು. ಆ ಸಂಜೆ ಅಣ್ಣತಮ್ಮಂದಿರು ಕುರಿ ಪಾಲಿಗಾಗಿ ಜಗಳವಾಡಿದ್ದನ್ನು ಕೇಳಿದವರಿದ್ದರು, ಬೇಟೆಯವರನ್ನು ಕಂಡವರು ಯಾರೂ ಇರಲಿಲ್ಲ. ಪಂಢರಿಯ ಮೈ ಹಾಯ್ದು ಹೋದ ಗುಂಡೂ ಸಿಕ್ಕಿರಲಿಲ್ಲ. ಉಳಿದದ್ದು ಆ ತೂತು ಒಂದೇ. ಗುಂಡು ಬಂದ ಕಡೆ ಪ್ಲಾಸ್ಟಿಕ್ಕಿನ ಮೇಲೆ ಕಪ್ಪು ಬಳೆ ಮೂಡಿರುತ್ತದೆ, ಹೋದ ಕಡೆಗೆ ಅಂಚು ಚಾಚಿಕೊಂಡಿರುತ್ತದೆ. ಅದನ್ನು ನೋಡಿ ಹೇಳಲೆಂದೇ ಕೋರ್ಟಿನ ಆದೇಶದ ಮೇಲೆ ಆರತಿ ಪ್ರಯೋಗಾಲಯದಿಂದ ಬಂದಿದ್ದಳು.

ಆರತಿ ಭೂತಗನ್ನಡಿ ಹಿಡಿದು ಬಗ್ಗಿದಳು. ಬಳೆಯೂ ಇಲ್ಲ, ಅಂಚೂ ಇಲ್ಲ. ಎಲ್ಲ ಬೆಂದು ಒಂದೇ ಮುದ್ದೆಯಾಗಿತ್ತು. ಅವಳಿಗೆ ಸಿಟ್ಟೇ ಬಂತು.

"ಯಾಕ ಮುಚ್ಚಿದ್ರಿ? ಮಳಿ ಬಂತೇನು?"

"ಮಳಿ ಅಲ್ರಿ. ದಿನಾ ಮುಂಜಾನಿ ಆ ತೂತಿನಾಗಿಂದ ಬಿಸಲು ಬಂದು, ನನ್ ಪಂಢರಿ ಮಲಗೋ ಜಾಗಾದ ಮ್ಯಾಲೇ ಬೀಳತಿತ್ತು. ಹಡದಾಕಿ ಹ್ಯಾಂಗ ನೋಡ್ಲಿ?"

ಆರತಿಯ ಸಿಟ್ಟು ಅಲ್ಲೇ ಇಳಿದುಹೋಯಿತು. ಅವಳೂ ಭಾಲ್ಕಿಯ ಹುಡುಗಿ; ಈ ಮಾತು, ಈ ದನಿ ಅವಳಿಗೆ ಹೊಸದಲ್ಲ.

"ಹೊರಗಿಂದ ಬಂದದ್ದು ಅಂತ ಬರೀತೀರಿ, ಹೌದಿಲ್ರಿ?" ಶಾಲುಬಾಯಿ ಕೇಳಿದಳು.

"ಬರೀಲಾಕ ಬರಲ್ಲ ಅವ್ವಾ. ಎರಡೂ ಕಡಿ ಕರಗಿ ಹೋಗ್ಯಾದ. ಯಾವ ಕಡಿಂದ ಬಂತು ಹೇಳಲಾಕ ಆಗಲ್ಲ ಅಂತೇ ಬರೀಬೇಕು."

"ಹಂಗಾದ್ರ ನನ್ ದತ್ತು?"

ಅಯ್ಯುಬ ಮುಖ ತಿರುಗಿಸಿ ಕುರಿಗಳ ಕಡೆ ನೋಡುತ್ತ ನಿಂತ. ಆರತಿ ತಾಡಪತ್ರಿಯನ್ನು ಮಡಚತೊಡಗಿದಳು.

"ಅಂಚು ಒಳಗ ಚಾಚಿತ್ರಿ ಮೇಡಂ," ಶಾಲುಬಾಯಿ ಅವಸರದಿಂದ ಹೇಳಿದಳು. "ನಾನೇ ಮುಟ್ಟೀನಿ. ಚುಚ್ಚತಿತ್ತು. ಅದಕ್ಕೇ ಒತ್ತಿ ಸಪಾಟ ಮಾಡೀನಿ. ಅದನ್ನ ಬರಕೋರಿ."

"ನೀವು ತಾಯಿ ಇದ್ದೀರಿ. ಮಗನ ಸಲುವಾಗಿ ಹೇಳ್ತಾಳ ಅಂತಾರ ಅವ್ವಾ. ನಾ ನೋಡಿದ್ದಷ್ಟೇ ನಾ ಬರೀಬೇಕು."

ಆರತಿ ತಾಡಪತ್ರಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಹೊಲಿಯಲು ಸೂಜಿ ತೆಗೆದಳು. ಶಾಲುಬಾಯಿ ಅವಳ ಕೈ ಹಿಡಿದು ತಡೆದಳು. ಬಿಸಿ ಕುಡಗೋಲು ತಾಗಿ ಕಪ್ಪಾಗಿದ್ದ ತನ್ನ ತೋರುಬೆರಳನ್ನು ಆ ಚೀಲದ ಬಾಯೊಳಗೆ ಇಟ್ಟಳು.

"ಈ ಬೆರಳು ಅದನ್ನ ಮುಟ್ಟ್ಯಾದ. ಇದನ್ನೂ ಕೊಯ್ದು ಒಯ್ಯಿರಿ ಮೇಡಂ. ನಿಮ್ ಮಷೀನಿನಾಗ ಇಟ್ಟು ನೋಡ್ರಿ."